ಆರ್ಟ್ ಡಿಪಾರ್ಟ್‌ಮೆಂಟ್ ಸೇರಬೇಕು ಅಂತಿದ್ದೇನೆ, ಬನ್ಸಿ ಚಂದ್ರಗುಪ್ತ ಅವರ ಕೆಲಸ ಯಾರಾದರೂ ಬಿಡಿಸಿ ಹೇಳ್ತೀರಾ?

ಕುಂಚ_ಮೈಸೂರು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಪೇಂಟಿಂಗ್ ಓದುತ್ತಿದ್ದೇನೆ, ಇದು ಕೊನೇ ವರ್ಷ. ಮುಗಿದ ಮೇಲೆ ಸಿನಿಮಾದ ಆರ್ಟ್ ಡಿಪಾರ್ಟ್‌ಮೆಂಟಿಗೆ ಹೋಗಬೇಕು ಅಂತ ತುಂಬಾ ಆಸೆ ಇದೆ. ಆದರೆ ಮನೆಯಲ್ಲಿ ಅಪ್ಪನಿಗೆ ಈ ಕೆಲಸ ಏನು ಅಂತ ಅರ್ಥ ಮಾಡಿಸೋಕೆ ಆಗ್ತಿಲ್ಲ. "ಸೆಟ್ ಹಾಕೋದು ಬಡಗಿಗಳ ಕೆಲಸ ಅಲ್ವಾ, ಅದಕ್ಕೆ ಇಷ್ಟು ಓದಬೇಕಿತ್ತಾ" ಅಂತಾರೆ. ಅಮ್ಮನ ಚಿಂತೆ ಬೇರೆ. ರಾತ್ರಿಯೆಲ್ಲ ಕೆಲಸ ಇರುತ್ತಂತೆ, ಹೆಣ್ಣುಮಕ್ಕಳು ಆ ಕಡೆ ಹೋಗ್ತಾರಾ ಅಂತ ದಿನಾ ಕೇಳ್ತಾರೆ.

ನಮ್ಮ ಮೇಷ್ಟ್ರು ಒಬ್ಬರು, "ಸುಮ್ನೆ ದೊಡ್ಡ ದೊಡ್ಡ ಅರಮನೆ ಸೆಟ್ ನೋಡಿ ಮರುಳಾಗಬೇಡ, ಮೊದಲು ಬನ್ಸಿ ಚಂದ್ರಗುಪ್ತ ಮಾಡಿದ ಸಿನಿಮಾ ನೋಡು" ಅಂದರು. ಅದಕ್ಕೇ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ನೋಡಿದೆ. ಸಿನಿಮಾ ಮನಸ್ಸಲ್ಲೇ ಉಳಿದಿದೆ, ಆದರೆ ನನಗೆ ಅಲ್ಲಿ ಒಂದು ಸೆಟ್ಟೂ ಕಾಣಲಿಲ್ಲ. ಹಳ್ಳಿ, ಹಳೇ ಮನೆ, ಬಿದಿರು, ಕೆರೆ, ಅಷ್ಟೇ. ಹಾಗಾದರೆ ಕಲಾ ನಿರ್ದೇಶಕರು ಅಂತ ಹೆಸರು ಹಾಕಿದಾರಲ್ಲ, ಅವರು ಮಾಡಿದ್ದೇನು?

ಇನ್ನೊಂದು ಪ್ರಶ್ನೆ. ಆರ್ಟ್ ಡೈರೆಕ್ಟರ್, ಪ್ರೊಡಕ್ಷನ್ ಡಿಸೈನರ್, ಸೆಟ್ ಡೆಕೋರೇಟರ್, ಇವು ಮೂರೂ ಬೇರೆ ಬೇರೆನಾ? ನಮ್ಮಲ್ಲಿ ಯಾರು ಯಾವುದನ್ನು ಮಾಡ್ತಾರೆ? ಗೊತ್ತಿರೋರು ದಯವಿಟ್ಟು ಹೇಳಿ.

ಕಪ್ಪುಬಿಳುಪು:

ನೀವು ಹಳ್ಳಿ ಮನೆ ಅಂದುಕೊಂಡು ನೋಡಿದ್ದರಲ್ಲಿ ಒಂದಷ್ಟು ಭಾಗ ಕಲ್ಕತ್ತಾದ ಸ್ಟುಡಿಯೋದಲ್ಲಿ ತೆಗೆದದ್ದು. ಹಗಲಿನ ದೃಶ್ಯಗಳು ಬೋರಾಲ್ ಅನ್ನೋ ಹಳ್ಳಿಯ ಒಂದು ಪಾಳುಬಿದ್ದ ಮನೆಯಲ್ಲಿ, ರಾತ್ರಿಯ ಒಳಮನೆ ದೃಶ್ಯಗಳು ಸ್ಟುಡಿಯೋದಲ್ಲಿ. ಎರಡೂ ಒಂದೇ ಮನೆ ಅಂತ ನಿಮ್ಮ ಕಣ್ಣು ಒಪ್ಪಿಕೊಂಡಿತಲ್ಲ, ಬನ್ಸಿ ಅವರ ಕೆಲಸ ಅಲ್ಲಿದೆ. ಬೋರಾಲಿನ ಆ ಮನೆಯೂ ಇದ್ದ ಹಾಗೇ ಸಿಕ್ಕಿದ್ದಲ್ಲ. ಅದು ವಾಸಕ್ಕೇ ಆಗದ ಸ್ಥಿತಿಯಲ್ಲಿತ್ತು, ಅದನ್ನು ರಿಪೇರಿ ಮಾಡಿ ಒಂದು ಬಡ ಕುಟುಂಬ ಬದುಕ್ತಾ ಇರೋ ಮನೆ ಮಾಡಿಕೊಂಡರು. ರಿಪೇರಿಯೂ ಆಗಬೇಕು, ರಿಪೇರಿ ಆಗಿದೆ ಅಂತ ಗೊತ್ತೂ ಆಗಬಾರದು. ಹೊಸ ಗಾರೆ ಹಳೇ ಗಾರೆಯ ಪಕ್ಕ ಕೂತಾಗ ಕ್ಯಾಮೆರಾ ಅದನ್ನು ಥಟ್ ಅಂತ ಹಿಡಿಯುತ್ತೆ, ಕಪ್ಪುಬಿಳುಪಿನಲ್ಲಿ ಇನ್ನೂ ಜಾಸ್ತಿ.

ಅವರ ಕಥೆ ನಿಮಗೆ ತುಂಬಾ ಹತ್ತಿರ ಆಗುತ್ತೆ, ಯಾಕೆಂದರೆ ಅವರೂ ಪೇಂಟರ್ ಆಗೋಕೆ ಅಂತ ಹೊರಟವರು. ಹುಟ್ಟಿದ್ದು 1924ರಲ್ಲಿ ಸಿಯಾಲ್‌ಕೋಟ್‌ನಲ್ಲಿ, ಬೆಳೆದದ್ದು ಶ್ರೀನಗರದಲ್ಲಿ. ಓದು ಅರ್ಧಕ್ಕೆ ಬಿಟ್ಟು, ಚಿತ್ರ ಕಲಿಯೋ ಆಸೆಯಿಂದ ಕಲ್ಕತ್ತಾಗೆ ಬಂದರು. ಹೊಟ್ಟೆಪಾಡಿಗೆ ಅಲ್ಲಿನ ಸ್ಟುಡಿಯೋಗಳಲ್ಲಿ ಸಹಾಯಕರಾಗಿ ಸೇರಿಕೊಂಡರು. ಆಗಿನ ಪದ್ಧತಿಯಲ್ಲಿ ಬಟ್ಟೆ ಮೇಲೆ ಬರೆದ ಪರದೆ, ನುಣುಪಾದ ಗೋಡೆ, ಶ್ರೀಮಂತರ ಮನೆಗೂ ಬಡವರ ಮನೆಗೂ ಒಂದೇ ಥರದ ಕಿಟಕಿ. ಅದು ಅವರಿಗೆ ಹಿಡಿಸಲಿಲ್ಲ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಎಲ್ಲ ಸೇರಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದಾಗ ಇವರೂ ಜೊತೆಗಿದ್ದರು. ಆಮೇಲೆ ಫ್ರಾನ್ಸಿನ ನಿರ್ದೇಶಕ ಜ್ಯಾಂ ರೆನ್ವಾರ್ 'ದಿ ರಿವರ್' ತೆಗೆಯೋಕೆ ಬಂಗಾಳಕ್ಕೆ ಬಂದರು. ಅವರ ಜೊತೆ ಬಂದ ಕಲಾ ನಿರ್ದೇಶಕ ಯೂಜೀನ್ ಲೂರಿಯೆ ಕೈಕೆಳಗೆ ಬನ್ಸಿ ದುಡಿದರು. ಅವರಿಗೆ ನಿಜವಾದ ಪಾಠಶಾಲೆ ಅಂದರೆ ಅದೇ ಅಂತ ನನ್ನ ಅಭಿಪ್ರಾಯ.

ಈಗ ನೀವು ರಾಯ್ ಅವರದ್ದೇ 'ಅಪರಾಜಿತೊ' (1956) ನೋಡಿ. ಅದರಲ್ಲಿ ಕಾಶಿಯ ಒಂದು ಮನೆ ಬರುತ್ತೆ. ನಡುವೆ ಅಂಗಳ, ಸುತ್ತ ಕೋಣೆಗಳು, ಮೇಲೆ ಆಕಾಶ. ಇದನ್ನು ಬಯಲಲ್ಲೇ ಕಟ್ಟಬೇಕು ಅಂತಿತ್ತು, ಮಳೆಗಾಲದ ಭಯಕ್ಕೆ ಕಲ್ಕತ್ತಾದ ಸ್ಟುಡಿಯೋ ಒಳಗೆ ಕಟ್ಟಿದರು. ಈಗ ಒಂದು ಸಮಸ್ಯೆ ಬಂತು. ಅಂಥ ಅಂಗಳದಲ್ಲಿ ಬೆಳಕು ಮೇಲಿಂದ ಮೆತ್ತಗೆ ಇಳಿದು ಎಲ್ಲ ಕಡೆ ಹರಡಿಕೊಳ್ಳುತ್ತೆ, ಯಾವುದಕ್ಕೂ ಗಟ್ಟಿ ನೆರಳು ಬೀಳೋದಿಲ್ಲ. ಸ್ಟುಡಿಯೋ ಲೈಟು ನೇರ ಹೊಡೆದರೆ ಒಬ್ಬೊಬ್ಬರ ಹಿಂದೆ ಎರಡೆರಡು ನೆರಳು. ಕ್ಯಾಮೆರಾಮನ್ ಸುಬ್ರತ ಮಿತ್ರ ಸೆಟ್ಟಿನ ತಲೆ ಮೇಲೆ ಬಿಳಿ ಬಟ್ಟೆ ಬಿಗಿದು, ಲೈಟುಗಳನ್ನು ಕೆಳಗಿನಿಂದ ಅದಕ್ಕೆ ಹೊಡೆದು, ತಿರುಗಿ ಬಂದ ಬೆಳಕಲ್ಲಿ ಶೂಟ್ ಮಾಡಿದರು. ಬೌನ್ಸ್ ಲೈಟಿಂಗ್ ಅಂತ ಇವತ್ತು ಎಲ್ಲರೂ ಮಾತಾಡೋದನ್ನು ಅವರು ಆಗಲೇ ಮಾಡಿದ್ದರು. ಆ ಮನೆಯನ್ನು ಅಷ್ಟು ನಿಜವಾಗಿ ಕಟ್ಟಿರದಿದ್ದರೆ ಅಷ್ಟು ನಿಜವಾದ ಬೆಳಕು ಬೇಕು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ನಾನು ಇದನ್ನು ಎಲ್ಲರಿಗೂ ಹೇಳ್ತಾ ಇರ್ತೀನಿ, ಯಾಕೆಂದರೆ ಕ್ಯಾಮೆರಾಕ್ಕೆ ಸಿಗೋ ಹೊಗಳಿಕೆಯಲ್ಲಿ ಸೆಟ್ಟಿನ ಪಾಲನ್ನು ಜನ ಮರೆತೇಬಿಡ್ತಾರೆ.

'ಜಲ್ಸಾಘರ್' (1958) ಕೂಡ ನೋಡಲೇಬೇಕು. ಮುರ್ಷಿದಾಬಾದ್ ಜಿಲ್ಲೆಯ ನಿಮ್ತಿತಾದಲ್ಲಿ ನದಿ ದಂಡೆಯ ನಿಜವಾದ ಜಮೀನ್ದಾರರ ಅರಮನೆ. ಆದರೆ ಕಥೆಗೆ ಬೇಕಾದಂಥ ಸಂಗೀತದ ಹಜಾರ ಅಲ್ಲಿರಲಿಲ್ಲ. ಅದನ್ನು ಬನ್ಸಿ ಸ್ಟುಡಿಯೋದಲ್ಲಿ ಕಟ್ಟಿದರು. ಜಮೀನ್ದಾರ ನಿಜವಾದ ಜಗಲಿಯಲ್ಲಿ ನಡೆದುಕೊಂಡು ಬಂದು ಬಾಗಿಲು ದಾಟಿದರೆ ಅವನು ನೂರಾರು ಮೈಲಿ ಆಚೆಯ ಕಲ್ಕತ್ತಾದಲ್ಲಿರ್ತಾನೆ, ನಮಗೆ ಗೊತ್ತೇ ಆಗಲ್ಲ. 'ಚಾರುಲತಾ' (1964) ಮನೆ ಒಳಗೆಲ್ಲ ಸೆಟ್. 'ನಾಯಕ್' (1966) ರೈಲು ಬೋಗಿಯೂ ಸೆಟ್ಟೇ.

1970ರ ಹೊತ್ತಿಗೆ ಬಂಗಾಳ ಬಿಟ್ಟು ಮುಂಬೈಗೆ ಬಂದರು. ಅಲ್ಲಿ ಮಸಾಲೆ ಸಿನಿಮಾನೂ ಮಾಡಿದರು, ಹೊಸ ಅಲೆಯ ಸಿನಿಮಾನೂ ಮಾಡಿದರು. 'ಸೀಮಾ', 'ದೋ ಝೂಟ್', 'ಚಕ್ರ' ಮೂರಕ್ಕೂ ಫಿಲ್ಮ್‌ಫೇರ್ ಬಂತು. ನಡುವೆ 1977ರಲ್ಲಿ ಮತ್ತೆ ರಾಯ್ ಜೊತೆ 'ಶತರಂಜ್ ಕೇ ಖಿಲಾಡಿ'. 1981ರಲ್ಲಿ ಬಂದ ಅವರ ಸಿನಿಮಾಗಳ ಪಟ್ಟಿ ನೋಡಿ: ಮುಂಬೈ ಕೊಳೆಗೇರಿಯ 'ಚಕ್ರ', ಲಖನೌದ 'ಉಮ್ರಾವ್ ಜಾನ್', ಶ್ಯಾಮ್ ಬೆನೆಗಲ್ ಅವರ 'ಕಲಿಯುಗ್', ಅಪರ್ಣಾ ಸೇನ್ ಅವರ '36 ಚೌರಂಗಿ ಲೇನ್'. ಜೋಪಡಿ, ತವಾಯಫರ ಕೋಠಾ (ಹಾಡು ಕುಣಿತದ ಮನೆ), ಉದ್ಯಮಿಗಳ ಬಂಗಲೆ, ಒಂಟಿ ಆಂಗ್ಲೋ ಇಂಡಿಯನ್ ಟೀಚರಮ್ಮನ ಫ್ಲ್ಯಾಟ್. ನಾಲ್ಕೂ ಒಬ್ಬರ ಕೈಯಿಂದ ಬಂದದ್ದು ಅಂದರೆ ನಂಬೋಕೆ ಆಗಲ್ಲ. ಅದೇ ವರ್ಷ ಅಮೆರಿಕಕ್ಕೆ ಹೋಗಿದ್ದಾಗ ತೀರಿಕೊಂಡರು. ಐವತ್ತೆಂಟೂ ತುಂಬಿರಲಿಲ್ಲ.

ರೀಪರ್_ಪಟ್ಟಿ:

ನಾನು ಬೆಂಗಳೂರಿನಲ್ಲಿ ಆರ್ಟ್ ಡಿಪಾರ್ಟ್‌ಮೆಂಟಿನಲ್ಲೇ ಕೆಲಸ ಮಾಡೋದು. ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ.

ಪ್ರೊಡಕ್ಷನ್ ಡಿಸೈನರ್ ಅನ್ನೋ ಹೆಸರು ಹಾಲಿವುಡ್‌ನಿಂದ ಬಂದದ್ದು, 1939ರ 'ಗಾನ್ ವಿತ್ ದಿ ವಿಂಡ್'ಗೆ ವಿಲಿಯಂ ಕ್ಯಾಮರಾನ್ ಮೆಂಜೀಸ್ ಮಾಡಿದ ಕೆಲಸಕ್ಕೆ ಕೊಟ್ಟ ಹೆಸರು. ಇಡೀ ಸಿನಿಮಾ ಕಣ್ಣಿಗೆ ಹೇಗೆ ಕಾಣಬೇಕು ಅಂತ ತೀರ್ಮಾನ ಮಾಡೋರು ಇವರು. ಆರ್ಟ್ ಡೈರೆಕ್ಟರ್ ಅದನ್ನು ಡ್ರಾಯಿಂಗ್ ಮಾಡಿಸಿ, ಲೆಕ್ಕ ಹಾಕಿ, ಕಟ್ಟಿಸ್ತಾರೆ. ಕಟ್ಟಿದ ಮೇಲೆ ಅದರೊಳಗೆ ಬರೋ ಎಲ್ಲ ವಸ್ತು, ಅಂದರೆ ಮಂಚ, ಪರದೆ, ಪಾತ್ರೆ, ಗೋಡೆ ಮೇಲಿನ ಫೋಟೋ, ಇವೆಲ್ಲ ಸೆಟ್ ಡೆಕೋರೇಟರ್ ಜವಾಬ್ದಾರಿ. ಆಸ್ಕರ್ ಕೊಡೋವಾಗಲೂ ಡಿಸೈನರ್ ಜೊತೆ ಸೆಟ್ ಡೆಕೋರೇಟರ್ ಹೆಸರು ಕರೀತಾರೆ. ನಮ್ಮ ಕಡೆ ಹಳೇ ಕಾಲದಿಂದಲೂ ಇದೆಲ್ಲ ಕಲಾ ನಿರ್ದೇಶಕರ ತಲೆ ಮೇಲೇ. ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾ ಆದರೆ ಅವರು, ಇಬ್ಬರೋ ಮೂವರೋ ಅಸಿಸ್ಟೆಂಟ್‌ಗಳು, ಕಾರ್ಪೆಂಟರ್, ಪೇಂಟರ್, ಮೋಲ್ಡಿಂಗ್ ಮಾಡೋರು, ಪ್ರಾಪರ್ಟಿ (ಸೆಟ್ಟಿನ ಸಾಮಾನು) ನೋಡಿಕೊಳ್ಳೋ ಹುಡುಗರು, ಅಷ್ಟೇ ಜನ.

ನೀವು ಪೇಂಟಿಂಗ್ ಓದಿರೋದರಿಂದ ಮೊದಲು ಕೈಗೆ ಬರೋ ಕೆಲಸ ಏಜಿಂಗ್. ಪ್ಲೈವುಡ್ಡು, ರೀಪರ್ರು (ಮರದ ಪಟ್ಟಿ), ಪ್ಲಾಸ್ಟರ್ ಆಫ್ ಪ್ಯಾರಿಸ್ ಸೇರಿಸಿ ಕಟ್ಟಿದ ಗೋಡೆ ಹೊಚ್ಚ ಹೊಸದಾಗಿ ಪಳಪಳ ಅಂತಿರುತ್ತೆ. ಅದಕ್ಕೆ ಮೂವತ್ತು ನಲವತ್ತು ವರ್ಷ ವಯಸ್ಸು ಏರಿಸಬೇಕು. ಹೊಸಬರು ಏನು ಮಾಡ್ತಾರೆ ಅಂದರೆ ಸ್ಟೈನರ್ (ಬಣ್ಣಕ್ಕೆ ಬೆರೆಸೋ ಗಟ್ಟಿ ರಂಗು) ನೀರಿಗೆ ಕಲಸಿ ಗೋಡೆ ತುಂಬಾ ಒಂದೇ ಸಮ ಕೊಳೆ ಬಳಿದುಬಿಡ್ತಾರೆ. ಕೊಳೆ ಹಾಗೆ ಕೂರೋದಿಲ್ಲ. ಒಂದು ಹಳೇ ದಿನಸಿ ಅಂಗಡಿ ಅಂದುಕೊಳ್ಳಿ. ಶೆಟ್ಟರು ಸ್ಟೂಲ್ ಮೇಲೆ ಕೂತು ಗೋಡೆಗೆ ಒರಗೋ ಕಡೆ ತಲೆಯ ಎಣ್ಣೆ ಜಿಡ್ಡು ಒಂದು ದುಂಡನೆ ಗುರುತಾಗಿ ಕೂತಿರುತ್ತೆ. ಗಲ್ಲಾಪೆಟ್ಟಿಗೆಯ ಒಂದು ಅಂಚು ಕೈ ಆಡಿ ಆಡಿ ಬಣ್ಣ ಹೋಗಿ ನುಣ್ಣಗೆ ಹೊಳೀತಿರುತ್ತೆ, ಅದೂ ಬಲಗೈ ಕಡೆ. ದೇವರ ಫೋಟೋ ಮೇಲಿನ ಗೋಡೆ ಊದಿನಕಡ್ಡಿ ಹೊಗೆಗೆ ಕಪ್ಪಾಗಿರುತ್ತೆ, ಸ್ವಿಚ್ ಬೋರ್ಡ್ ಸುತ್ತ ಬೆರಳಚ್ಚು, ಸೀಮೆಎಣ್ಣೆ ಡಬ್ಬ ಇಡೋ ಮೂಲೆ ನೆಲ ಬೇರೆಯೇ ಬಣ್ಣ. ಹಳೇ ಕ್ಯಾಲೆಂಡರ್ ತೆಗೆದ ಜಾಗದಲ್ಲಿ ಗೋಡೆ ಚೌಕಾಕಾರಕ್ಕೆ ತಿಳಿಯಾಗಿ ಉಳಿದಿರುತ್ತೆ. ಯಾರು ಎಲ್ಲಿ ಕೂರ್ತಾರೆ, ಏನು ಮುಟ್ತಾರೆ ಅಂತ ಗೊತ್ತಿಲ್ಲದೆ ಇದನ್ನು ಮಾಡೋಕೆ ಆಗಲ್ಲ. ಹಾಗಾಗಿ ಸ್ಕ್ರಿಪ್ಟ್ ಓದಲೇಬೇಕು. ನಾನು ಕಂಡ ಒಳ್ಳೇ ಕಲಾ ನಿರ್ದೇಶಕರೆಲ್ಲ ಪೇಂಟರ್‌ಗೆ ಬಣ್ಣ ಹೇಳೋ ಮುಂಚೆ ಆ ಮನೆಯವರ ಕಥೆ ಹೇಳ್ತಾರೆ.

ಅಪ್ಪನಿಗೆ ಹೇಳಿ, ಬಡಗಿ ಕೆಲಸ ಅಂತ ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಬಡಗಿಗಳ ಹತ್ತಿರ ಕೂತು ಕಲಿಯದೇ ಯಾರೂ ಇಲ್ಲಿ ಮೇಲೆ ಬಂದಿಲ್ಲ, ಮತ್ತೆ ಅವರಷ್ಟು ಲೆಕ್ಕ ಗೊತ್ತಿರೋರೂ ಇಲ್ಲ.

ಮಳೆ_ಮನೆ:

ಬಂಗಾಳದ ಮಾತು ಸಾಕಷ್ಟು ಆಯ್ತು, ನಮ್ಮ ಮಲೆನಾಡನ್ನು ಮರೆತರೆ ಹೇಗೆ? ಶಂಕರ್‌ನಾಗ್ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡಿದಾಗ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರಲ್ಲ, ಅದರ ಕಲಾ ನಿರ್ದೇಶಕರು ಬೆಂಗಳೂರಿನ ಶಿಲ್ಪಿ ಜಾನ್ ದೇವರಾಜ್. ಇರೋ ಬೀದಿ, ಇರೋ ಮನೆಗಳು. ಅದಕ್ಕೆ ಬೋರ್ಡು, ಅಂಗಡಿ, ನಡುವೆ ಕುದುರೆ ಮೇಲೆ ಕೂತ ಆ ಬ್ರಿಟಿಷ್ ಸಾಹೇಬನ ಪ್ರತಿಮೆ. ಅಷ್ಟಕ್ಕೇ ಒಂದು ಊರಿನ ಕಾಲವೇ ಬದಲಾಯ್ತು. ಈಗಲೂ ಪ್ರವಾಸಿಗಳು ದೊಡ್ಡಮನೆ ಜಗಲಿ ಮೇಲೆ ಕೂತು ಫೋಟೋ ತೆಗೆಸಿಕೊಳ್ತಾರೆ. ರೈಲು ದೃಶ್ಯ ತೆಗೆದ ಅರಸಾಳು ಸ್ಟೇಷನ್ನಿನ ಹಳೇ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ. ನೋಡಿಕೊಂಡು ಬನ್ನಿ, ಮೈಸೂರಿನಿಂದ ಶಿವಮೊಗ್ಗದ ರೈಲು ಹತ್ತಿದರೆ ಆಯ್ತು, ಅಲ್ಲಿಂದ ಹತ್ತಿರ.

ಪೇಂಟರ್‌ಗಳ ಮಾತು ಬಂದಿದ್ದರಿಂದ ಇನ್ನೊಂದು. 1970ರ 'ಸಂಸ್ಕಾರ'ದ ಕಲಾ ನಿರ್ದೇಶಕರು ಎಸ್. ಜಿ. ವಾಸುದೇವ್. ನಿಮ್ಮ ಮೈಸೂರಿನವರೇ, 1941ರಲ್ಲಿ ಅಲ್ಲೇ ಹುಟ್ಟಿದವರು. ಮದ್ರಾಸಿನಲ್ಲಿ ಚಿತ್ರಕಾರ ಕೆ. ಸಿ. ಎಸ್. ಪಣಿಕ್ಕರ್ ಹತ್ತಿರ ಕಲಿತು ಚೋಳಮಂಡಲದ ಕಲಾವಿದರ ಗುಂಪಿನಲ್ಲಿ ಇದ್ದವರು. ಶೃಂಗೇರಿ ಹತ್ತಿರದ ವೈಕುಂಠಪುರದ ಅಗ್ರಹಾರದಲ್ಲಿ ಶೂಟಿಂಗ್ ಮಾಡಿದರು. ಅಲ್ಲಿಯೂ ನಿಮಗೆ ಸೆಟ್ ಕಾಣಲ್ಲ.

ಅಮ್ಮನಿಗೆ ಜಯೂ ಪಟವರ್ಧನ್ ಅವರ ಬಗ್ಗೆ ಹೇಳಿ. ಅವರು, ಅವರ ಗಂಡ ನಚಿಕೇತ್, ಇಬ್ಬರೂ ಓದಿದ್ದು ಆರ್ಕಿಟೆಕ್ಚರ್. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಸಿನಿಮಾದ ಕಲಾ ನಿರ್ದೇಶನ ಇವರದ್ದೇ. ಆಮೇಲೆ '22 ಜೂನ್ 1897' ಅಂತ ಮರಾಠಿ ಸಿನಿಮಾನ ತಾವೇ ನಿರ್ದೇಶಿಸಿದರು. ಆಗಲೇ ಹೆಣ್ಣುಮಕ್ಕಳು ಈ ಕೆಲಸದಲ್ಲಿದ್ದರು, ಈಗಂತೂ ತುಂಬಾ ಜನ ಇದ್ದಾರೆ.

ಚಿನ್ನದಗಣಿ:

ಎಲ್ಲರೂ ಸೇರಿ ಕಾಣದ ಸೆಟ್ಟೇ ದೊಡ್ಡದು ಅನ್ನೋ ಹಾಗೆ ಮಾತಾಡ್ತಿದ್ದೀರಿ, ನಾನು ಅದನ್ನು ಒಪ್ಪಲ್ಲ. ಜನ ಥಿಯೇಟರಿಗೆ ಬಂದು ಬಾಯಿಬಿಟ್ಟು ನೋಡೋ ಹಾಗೆ ಕಟ್ಟೋದೂ ಕಷ್ಟದ ಕೆಲಸವೇ. 'ಕೆಜಿಎಫ್' ತಗೊಳ್ಳಿ. ನಮ್ಮ ಕೋಲಾರದ ಗಣಿಯ ಸಯನೈಡ್ ದಿಬ್ಬಗಳ (ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡೆಗಳ) ಮೇಲೆ ಸೆಟ್ ಹಾಕಿದರು. ಆ ಬಿಸಿಲು, ಆ ಧೂಳು, ಗಾಳಿ ಬಂದರೆ ಕಟ್ಟಿದ್ದೆಲ್ಲ ಕಿತ್ತುಕೊಂಡು ಹೋಗೋ ಜಾಗ. ಅದರಲ್ಲಿ ನರಾಚಿ ಅನ್ನೋ ಇಲ್ಲದ ಲೋಕವನ್ನು ನಿಲ್ಲಿಸಿದ್ದು ಕಡಿಮೆ ಸಾಧನೆಯಾ? ಮೇಡಂ, ನೀವು ಎರಡನ್ನೂ ನೋಡಿ. ಕೆಲಸ ಸಿಗೋದು ಹೆಚ್ಚಾಗಿ ದೊಡ್ಡ ಸೆಟ್ಟುಗಳಲ್ಲೇ.

ಕಪ್ಪುಬಿಳುಪು:

ನಿಮ್ಮ ಮಾತು ಸರಿ, ದೊಡ್ಡ ಸೆಟ್ಟಿನ ಬಗ್ಗೆ ನನಗೆ ತಕರಾರಿಲ್ಲ. ಬನ್ಸಿ ಅವರೂ ಮುಂಬೈಯಲ್ಲಿ ಕಮರ್ಷಿಯಲ್ ಸಿನಿಮಾ ಮಾಡಿದವರೇ. ಕೆಜಿಎಫ್ ಸೆಟ್ ನಂಬಿಸೋದಕ್ಕೂ ಕಾರಣ ಅಲ್ಲಿನ ಮಣ್ಣಿನ ಬಣ್ಣವನ್ನೇ ಗೋಡೆಗೂ ಬಟ್ಟೆಗೂ ಮೈಗೂ ತಂದದ್ದು. ದೊಡ್ಡದು ಚಿಕ್ಕದು ಎರಡಕ್ಕೂ ನೋಡೋ ಕಣ್ಣು ಒಂದೇ.

ಒಂಟಿಕೊಪ್ಪಲು:

ನೋಡಮ್ಮ, ನಾನು ವಯಸ್ಸಾದವನು, ಮೈಸೂರಿನವನೇ. ಎಲ್ಲರೂ ಚೆಂದದ ಮಾತು ಹೇಳಿದ್ದಾರೆ. ನಾನು ಬೇರೆ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ.

1989ರ ಫೆಬ್ರುವರಿ 8ರಂದು ನಮ್ಮೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿ ಶೂಟಿಂಗ್ ನಡೆಯುವಾಗ ಬೆಂಕಿ ಬಿತ್ತು. 62 ಜನ ಹೋದರು. ಗಾಳಿ ಆಡೋಕೆ ಸರಿಯಾದ ದಾರಿ ಇರಲಿಲ್ಲ, ಗೋಡೆಗೆಲ್ಲ ಗೋಣಿತಾಟು ಹೊಡೆದಿದ್ದರು, ಮೇಲೆ ದೊಡ್ಡ ದೊಡ್ಡ ಲೈಟುಗಳ ಕಾವು ಅಂತ ಆಮೇಲೆ ಬಂದ ವರದಿಗಳಲ್ಲಿ ಓದಿದೆವು. ಆ ದಿನ ಊರಲ್ಲಿ ಹಬ್ಬಿದ ಸುದ್ದಿ, ಆಸ್ಪತ್ರೆ ಮುಂದಿನ ಜನ, ಅದನ್ನು ಕಂಡವರು ಯಾರೂ ಮರೆತಿಲ್ಲ. ಸೆಟ್ ಅಂದರೆ ಮರ, ಬಟ್ಟೆ, ಥರ್ಮಾಕೋಲು, ಬಣ್ಣ, ಥಿನ್ನರ್. ಎಲ್ಲ ಹತ್ತಿಕೊಳ್ಳೋ ಸಾಮಾನೇ. ನೀನು ಕಲಾ ನಿರ್ದೇಶಕಿ ಆದ ದಿನ ಪ್ಲಾನ್ ಬರೆಯುವಾಗ ಹೊರಗೆ ಓಡೋಕೆ ಎರಡು ದಾರಿ ಮೊದಲು ಗುರುತು ಮಾಡು. ಆಮೇಲೆ ಕ್ಯಾಮೆರಾ ಎಲ್ಲಿಡ್ತಾರೆ ಅಂತ ನೋಡು. ಬೆಂಕಿ ಆರಿಸೋ ಸಿಲಿಂಡರ್ ಇಲ್ಲದ ಫ್ಲೋರಿನಲ್ಲಿ ಕೆಲಸ ಮಾಡಲ್ಲ ಅಂತ ಬಾಯಿಬಿಟ್ಟು ಹೇಳು. ನಿನ್ನ ಮಾತು ನಂಬಿಕೊಂಡು ಆ ಗೋಡೆಗಳ ನಡುವೆ ನೂರು ಜನ ನಿಂತಿರ್ತಾರೆ.

ರೀಪರ್_ಪಟ್ಟಿ:

ಹಿರಿಯರೇ, ಇದನ್ನು ಬರೆದದ್ದು ತುಂಬಾ ಒಳ್ಳೇದಾಯ್ತು. ನಾವು ದಿನಾ ಕೆಲಸ ಮಾಡೋರೇ ಎಷ್ಟೋ ಸಲ ವೈರಿಂಗ್ ಕಡೆ ನೋಡೋದಿಲ್ಲ, ಬೆಳಗ್ಗೆ ಶೂಟಿಂಗು ಅಂತ ರಾತ್ರಿ ಬಣ್ಣ ಹಸಿ ಇರುವಾಗಲೇ ಲೈಟ್ ಹಾಕಿಬಿಡ್ತಾರೆ.

ಕುಂಚ_ಮೈಸೂರು:

ಇಷ್ಟೆಲ್ಲ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಜ್ಜ, ನೀವು ಹೇಳಿದ್ದನ್ನು ಡೈರಿಯಲ್ಲಿ ಬರೆದುಕೊಂಡಿದ್ದೇನೆ, ಅಪ್ಪನಿಗೂ ಓದಿ ಹೇಳಿದೆ. ಒಂದೇ ಪ್ರಶ್ನೆ ಉಳಿದಿದೆ. ಯಾರಾದರೂ ಕಲಾ ನಿರ್ದೇಶಕರ ಹತ್ತಿರ ಕೆಲಸ ಕೇಳೋಕೆ ಹೋದರೆ ನನ್ನ ಹತ್ತಿರ ಇರೋದು ಕ್ಯಾನ್ವಾಸ್‌ಗಳು, ಲ್ಯಾಂಡ್‌ಸ್ಕೇಪು, ಪೋರ್ಟ್ರೇಟು. ಅದನ್ನೇ ತೋರಿಸಲಾ? ಇಲ್ಲ ಬೇರೆ ಏನಾದರೂ ಮಾಡಿಕೊಂಡು ಹೋಗಬೇಕಾ? ಕೋರ್ಸ್ ಮಾಡೋದು ಒಳ್ಳೇದಾ?

ರೀಪರ್_ಪಟ್ಟಿ:

ಕ್ಯಾನ್ವಾಸ್ ಒಂದೆರಡು ಸಾಕು, ಕೈ ಹೇಗಿದೆ ಅಂತ ಗೊತ್ತಾಗೋಕೆ. ಅದರ ಜೊತೆ ಇದನ್ನು ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಕೋಣೆ ತಗೊಳ್ಳಿ, ನಿಮ್ಮಜ್ಜಿ ಅಡುಗೆಮನೆ ಆದರೂ ಸರಿ. ಟೇಪ್ ಹಿಡಿದು ಪೂರ್ತಿ ಅಳತೆ ತೆಗೆದು, ಒಂದು ಅಡಿ ಅಳತೆಗೆ ಕಾಲು ಇಂಚಿನ ಲೆಕ್ಕದಲ್ಲಿ ಪ್ಲಾನ್ ಬರೆಯಿರಿ, ನಾಲ್ಕು ಗೋಡೆಗೂ ಎಲಿವೇಶನ್ (ಎದುರಿಂದ ಕಾಣೋ ನಕ್ಷೆ) ಬರೆಯಿರಿ. ಬಾಗಿಲ ದಪ್ಪ, ಕಿಟಕಿ ಕಟ್ಟೆಯ ಎತ್ತರ, ಒಲೆ ಕಟ್ಟೆ, ಏನನ್ನೂ ಬಿಡಬೇಡಿ. ರಟ್ಟಿನಲ್ಲಿ ಒಂದು ಮಾಡೆಲ್ ಮಾಡಿ, ಯಾವ ಗೋಡೆ ತೆಗೆದರೆ ಕ್ಯಾಮೆರಾ ಹಿಂದೆ ಹೋಗುತ್ತೆ ಅಂತ ಅದರಲ್ಲೇ ತೋರಿಸಿ. ಆಮೇಲೆ ಅದೇ ಕೋಣೆ 1975ರಲ್ಲಿ ಹೇಗಿರುತ್ತಿತ್ತು ಅಂತ ಒಂದು ಬಣ್ಣದ ಚಿತ್ರ ಮಾಡಿ, ಪಕ್ಕದಲ್ಲಿ ಸಾಮಾನಿನ ಪಟ್ಟಿ ಬರೆಯಿರಿ. ಹಿತ್ತಾಳೆ ಯಾವುದು, ಅಲ್ಯೂಮಿನಿಯಂ ಯಾವುದು, ಸ್ಟೀಲ್ ಆಗ ಆ ಮನೆಗೆ ಬಂದಿತ್ತಾ, ಅಜ್ಜಿಯನ್ನೇ ಕೇಳಿ. ಹದಿನೈದು ಪುಟ ಆದರೆ ಹೆಚ್ಚಾಯ್ತು. ಇಷ್ಟು ಇಟ್ಟುಕೊಂಡು ಬಂದ ಫ್ರೆಷರ್‌ನ ವಾಪಸ್ ಕಳಿಸೋ ಕಲಾ ನಿರ್ದೇಶಕರು ಕಡಿಮೆ.

ಕೋರ್ಸ್ ಬೇಕು ಅಂದರೆ ಪುಣೆಯ ಸರ್ಕಾರಿ ಫಿಲ್ಮ್ ಇನ್ಸ್ಟಿಟ್ಯೂಟ್ ಎಫ್‌ಟಿಐಐನಲ್ಲಿ ಕಲಾ ನಿರ್ದೇಶನ ಮತ್ತು ಪ್ರೊಡಕ್ಷನ್ ಡಿಸೈನ್‌ಗೆ ಮೂರು ವರ್ಷದ ಕೋರ್ಸ್ ಇದೆ, ಎಂಟ್ರೆನ್ಸ್ ಬರೆಯಬೇಕು. ಸಿಕ್ಕರೆ ಬಿಡಬೇಡಿ. ಸಿಗದಿದ್ದರೂ ಅಸಿಸ್ಟೆಂಟ್ ಆಗಿ ಒಂದು ಸಿನಿಮಾ ಶುರುವಿಂದ ಕೊನೇವರೆಗೆ ಮಾಡಿ, ನಡುವೆ ಬಿಡಬೇಡಿ. ಸೇರೋ ಮುಂಚೆ ದಿನದ ಬಾಟಾ (ಭತ್ಯೆ) ಎಷ್ಟು, ರಾತ್ರಿ ಕೆಲಸ ಆದರೆ ಮನೆಗೆ ಗಾಡಿ ಕೊಡ್ತಾರಾ, ಟೈಟಲ್ ಕಾರ್ಡಿನಲ್ಲಿ ಹೆಸರು ಬರುತ್ತಾ, ಮೂರನ್ನೂ ಬಾಯಿಬಿಟ್ಟು ಕೇಳಿ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಸಂಕೋಚ ಬೇಡ.

ಪ್ಲಾನ್ ಬರೆದ ಮೇಲೆ ಇಲ್ಲೇ ಹಾಕಿ, ಅಳತೆ ನಾನು ನೋಡ್ತೀನಿ.